ಗಡ್ಡವಿಲ್ಲದ ರಾಜನ ರೂಪಾಯಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಹಳೆಯ ರೂಪಾಯಿಯ ವಿಷಯದಲ್ಲೂ ಅದೇ ಮಾತು. ಇಂಗ್ಲಿಷರ ಕಾಲದ ಆ ದೊಡ್ಡ ರೂಪಾಯಿಗಳನ್ನು ಅಂಗೈಯಲ್ಲಿ ಹಿಡಿದರೆ ಎಲ್ಲವೂ ಒಂದೇ ಅಗಲ, ಎಲ್ಲವೂ ಒಂದೇ ತೊಲೆ ತೂಕ. ಅವುಗಳಲ್ಲಿ ರಾಣಿಯ ಮುಖದ್ದು, ಬೋಳುತಲೆಯ ರಾಜನದ್ದು, ಗಡ್ಡದ ರಾಜನದ್ದು ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ. ಮೋಸ ಇರುವುದು ಕೊನೆಯಲ್ಲಿ ಬಂದ ಗಡ್ಡವಿಲ್ಲದ ರಾಜನಲ್ಲಿ. ಅವನ ಮೊದಮೊದಲ ರೂಪಾಯಿಗಳು ಒಳ್ಳೆಯವೇ. ಯುದ್ಧ ಹತ್ತಿ ಬೆಳ್ಳಿಗೆ ತತ್ವಾರ ಬಂದಾಗ ಅರ್ಧ ಬೆಳ್ಳಿ ತೆಗೆದು, ತಾಮ್ರ ಗೀಮ್ರ ಬೆರೆಸಿ ಹೊಡೆದರು. ಮುಖ ಅದೇ, ಕಿರೀಟ ಅದೇ, ತೂಕವೂ ಅದೇ, ಒಳಗಿನ ಸರಕು ಮಾತ್ರ ಬೇರೆ. ಇಂಥವರನ್ನು ಮನುಷ್ಯರಲ್ಲೂ ನಾನು ಬೇಕಾದಷ್ಟು ನೋಡಿದ್ದೇನೆ, ಇರಲಿ.

ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ರೂಪಾಯಿಯ ಮೇಲಿನ ಇಸವಿ ಅವಳಿಗೆ ಇರುವೆ ಸಾಲು. ಅವಳು ಕಿವಿಯಿಂದ ಬೆಳ್ಳಿ ಗುರುತಿಸುತ್ತಿದ್ದಳು. ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು, ಗೇಣೆತ್ತರದಿಂದ ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿ, ತಲೆಯನ್ನು ಒಂದು ಕಡೆ ವಾಲಿಸಿ ಕೇಳುವಳು. ಅಪ್ಪಟ ಬೆಳ್ಳಿ ಬಿದ್ದರೆ ದನಿ ಸಣ್ಣಗೆ ಎಳೆದುಕೊಂಡು ಹೋಗಿ ತಾನಾಗಿಯೇ ಕರಗುತ್ತದೆ. ಅರ್ಧ ಬೆಳ್ಳಿಯದ್ದು ಚೆನ್ನಾಗಿಯೇ ಶುರುವಾಗಿ ನಡುವೆಯೇ ನಿಂತುಬಿಡುತ್ತದೆ. “ಇದು ಹಾಡತೈತಿ, ಇದು ಕೆಮ್ಮತೈತಿ” ಎಂದು ಅವ್ವ ಎರಡು ಗುಂಪು ಮಾಡುತ್ತಿದ್ದಳು. ಮೂಡಲಗಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕಾಲ್ಗಡಗ ಮಾಡಿಸುವುದಿರಲಿ, ದೇವರ ಮುಖ ಮಾಡಿಸುವುದಿರಲಿ, ಹಳೆಯ ರೂಪಾಯಿ ಕರಗಿಸುವ ಮೊದಲು ಅವ್ವನ ಮುಂದೆ ತಂದು ಸುರಿಯುತ್ತಿದ್ದರು. ಬೆಳ್ಳಿ ಬಂಗಾರದ ಕೆಲಸ ಮಾಡುವ ಪತ್ತಾರನೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ. ಅವ್ವನಿಗೆ ಅದರ ಜಂಬ ಸಣ್ಣದಲ್ಲ. ಕುರಿ ಕಾಯುವ ಮನೆತನದ ಹೆಂಗಸು, ಮೈಮೇಲೆ ಹೇಳಿಕೊಳ್ಳುವಂಥ ಬಂಗಾರವಿಲ್ಲ, ಓದಿಲ್ಲ. ಕಿವಿಯೇ ಅವಳ ಬಂಗಾರ.

ಅವಳ ಕೊರಳಲ್ಲಿ ಒಂದು ರೂಪಾಯಿ ಸರ ಇತ್ತು. ನಮ್ಮ ಅಜ್ಜಿ, ಅಂದರೆ ಅವ್ವನ ಅತ್ತೆ, ಕಂಬಳಿ ಮಾರಿ ಬಂದಾಗೊಮ್ಮೆ ಒಂದೊಂದು ರೂಪಾಯಿ ತೆಗೆದಿಟ್ಟು, ಕೊಂಡಿ ಹಾಕಿಸಿ, ಕರಿದಾರದಲ್ಲಿ ಪೋಣಿಸಿದ ಸರ. ಸಿಕ್ಕದ್ದನ್ನೆಲ್ಲ ಪೋಣಿಸಿದ್ದರಿಂದ ಅದರಲ್ಲಿ ಎಲ್ಲ ಥರದವೂ ಇದ್ದವು. ಹುಣಸೆಹುಳಿ, ಬೂದಿ ಹಚ್ಚಿ ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಎಷ್ಟೋ ರೂಪಾಯಿಗಳ ಮೇಲಿನ ರಾಜ ಮೂಗಿಲ್ಲದವನಾಗಿದ್ದ.

ಆ ಸರವನ್ನು ಅವ್ವ ಒಂದು ನಾಗರಪಂಚಮಿಗೆ ಬಿಚ್ಚಿಸಿದಳು. ಅದಾಗಿ ಈಗ ಎಷ್ಟೋ ವರ್ಷಗಳಾದವು. ಹಬ್ಬಕ್ಕೆಂದು ನಾವಿಬ್ಬರು ಹೆಣ್ಣುಮಕ್ಕಳು ತವರಿಗೆ ಬಂದಿದ್ದೆವು. ಅಕ್ಕನನ್ನು ಹುಕ್ಕೇರಿಗೆ ಕೊಟ್ಟಿದ್ದರು, ನನ್ನನ್ನು ಗೋಕಾಕಕ್ಕೆ. ಮೂಡಲಗಿಯ ಮನೆಯಲ್ಲಿ ಅವ್ವ ಇದ್ದದ್ದು ನಮ್ಮ ತಮ್ಮ ಮತ್ತು ಅವನ ಹೆಂಡತಿಯ ಜೊತೆ. ಅವ್ವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಆದರೂ ಪತ್ತಾರನಿಂದ ಕೊಂಡಿಗಳನ್ನೆಲ್ಲ ಕೀಳಿಸಿ, ರೂಪಾಯಿಗಳನ್ನು ಮೊರದಲ್ಲಿ ಸುರಿದುಕೊಂಡು, ಬೀಸುವ ಕಲ್ಲಿನ ಮುಂದೆ ಕೂತಳು.

“ಹೆಣ್ಮಕ್ಕಳ ಉಡಿಯಾಗ ಹುಸಿ ರೂಪಾಯಿ ಬೀಳಬಾರದ. ಹಾಡೂವೆಲ್ಲಾ ನಿಮಗ, ಕೆಮ್ಮೂವೆಲ್ಲಾ ಈ ಮನಿಗೆ ಇರಲಿ,” ಎಂದಳು.

ಒಂದೊಂದನ್ನೇ ಬೀಳಿಸಿ, ತಲೆ ವಾಲಿಸಿ, ಕಣ್ಣು ಮುಚ್ಚಿ ಕೇಳಿದಳು. ಒಂದಷ್ಟನ್ನು ಮೊರಕ್ಕೆ ವಾಪಸು ಎಸೆದಳು, ಉಳಿದವನ್ನು ಅಕ್ಕನಿಗೆ, ನನಗೆ ಎಂದು ಹಂಚಿದಳು. ನಾನು ಅಡುಗೆಮನೆಯಲ್ಲಿ ಉಂಡಿ ಕಟ್ಟುತ್ತ, ತಮ್ಮನ ಹೆಂಡತಿಯ ಜೊತೆ ಹರಟುತ್ತ, ಆಗಾಗ ಬಾಗಿಲಿನಿಂದ ಇಣುಕುತ್ತಿದ್ದೆ. ನನಗೆ ಕೊಡುವ ಒಂದನ್ನು ಬೀಳಿಸಿದಾಗ ಅವ್ವನ ಮುಖ ಅರಳಿತು. “ಇದು ಹಾಡತೈತಿ ನೋಡ, ಇದು ರಾಣಿ ಕಾಲದ್ದು” ಎಂದು ಕಣ್ಣಿಗೊತ್ತಿಕೊಂಡು, ಗುರುತಿಗೆ ಅರಿಸಿನ ಹಚ್ಚಿ ಇಟ್ಟಳು. ಆಮೇಲೆ ಅಕ್ಕಿ, ಒಣಕೊಬ್ಬರಿ, ಎಲೆ ಅಡಿಕೆಯ ಜೊತೆ ರೂಪಾಯಿಗಳನ್ನು ಇಬ್ಬರ ಉಡಿಗೂ ತುಂಬಿದಳು. ನಮ್ಮ ಮನೆತನದಲ್ಲಿ ತವರಿನ ಉಡಿಯನ್ನು ಹೊಸ್ತಿಲೊಳಗೆ ಬಿಚ್ಚಿ ನೋಡುವಂತಿಲ್ಲ. ಅದರಲ್ಲಿ ಏನು ಬಿದ್ದಿದೆ, ಎಷ್ಟು ಬಿದ್ದಿದೆ ಎಂದು ಆಮೇಲೂ ಕೇಳುವಂತಿಲ್ಲ. ಕೇಳಿದರೆ ತವರಿಗೆ ಕೇಡು ಎಂಬ ನಂಬಿಕೆ.

ಅಕ್ಕ ಆ ಹಬ್ಬದುದ್ದಕ್ಕೂ ಮೂಗಿಯ ಹಾಗಿದ್ದಳು. ನಾನು ಎರಡು ಸಲ ಕೆಣಕಿದೆ. “ಯಾಕಬೇ, ಭಾವ ನೆನಪಾಗ್ಯಾನೇನ?” ಎಂದರೆ ಮುಖ ತಿರುಗಿಸಿದಳು. ಭಾವ ಯಮಕನಮರಡಿಯಲ್ಲಿ ಹೆದ್ದಾರಿಯ ಬದಿಗೆ ಲಾರಿ ಟೈರಿನ ಅಂಗಡಿ ಇಟ್ಟಿದ್ದ. ಮೆತ್ತಗೆ ಮಾತಾಡುವ ಮನುಷ್ಯ. ನಮ್ಮ ಮನೆಗೆ ಬಂದರೆ ನನ್ನ ಮಕ್ಕಳಿಗೆ ಪೇಡೆಯ ಪೊಟ್ಟಣ ತಾರದೆ ಬರುತ್ತಿರಲಿಲ್ಲ. ಅಂಥ ಗಂಡ ಸಿಕ್ಕಿಯೂ ಇವಳದೊಂದು ಸೊಕ್ಕು ಎಂದುಕೊಂಡು ಸುಮ್ಮನಾದೆ.

ಊರಿಗೆ ಹೋದ ಮೇಲೆ ಅಕ್ಕ ತನ್ನ ರೂಪಾಯಿಗಳನ್ನು ಹುಕ್ಕೇರಿಯ ಪತ್ತಾರನ ಹತ್ತಿರ ಒಯ್ದಿದ್ದಾಳೆ. ಮೊಮ್ಮಗಳಿಗೆ ಕಾಲ್ಗಡಗ ಮಾಡಿಸುವ ಆಸೆ. ಅವನು ಒರೆಗಲ್ಲಿಗೆ ತಿಕ್ಕಿ ನೋಡಿ, “ಇವ್ರಾಗ ಎರಡ ಬಿಟ್ರ ಉಳದವೆಲ್ಲಾ ಅರ್ಧಾ ಬೆಳ್ಳಿ ಅದಾವ್ರಿ” ಎಂದನಂತೆ. ಅಕ್ಕ ಕಟ್ಟಿಕೊಂಡು ವಾಪಸು ಬಂದಳು. ಆಗ ಯಾರಿಗೂ ಹೇಳಲಿಲ್ಲ. ಆದರೆ ಆವತ್ತಿನಿಂದ ತವರಿನ ಹೊಸ್ತಿಲು ತುಳಿಯಲಿಲ್ಲ. ಮರುವರ್ಷ ಪಂಚಮಿಗೆ ತಮ್ಮ ಕರೆಯಲು ಹೋದರೆ ಮೈಯಲ್ಲಿ ಹುಷಾರಿಲ್ಲ ಎಂದು ಕಳಿಸಿದಳು. ಅವ್ವ ದಾರಿ ನೋಡಿ ನೋಡಿ ಸಾಕಾದಳು. ಅದೇ ವರ್ಷ ಚಳಿಗಾಲದಲ್ಲಿ ಹೋಗಿಯೇಬಿಟ್ಟಳು.

ಮಣ್ಣಿಗೆ ಅಕ್ಕ ಬಂದಳು. ಬಂದಳು ಅಷ್ಟೇ. ಊರಿನ ಹೆಂಗಸರೆಲ್ಲ ಹಾಡಿ ಹಾಡಿ ಅಳುತ್ತಿದ್ದರೆ ಇವಳು ಕಂಬಕ್ಕೊರಗಿ ಒಣಗಿದ ಕಣ್ಣಲ್ಲಿ ಕೂತಿದ್ದಳು. ನನಗೆ ಮೈ ಉರಿದುಹೋಯಿತು. ಹಿತ್ತಲಿಗೆ ಎಳೆದುಕೊಂಡು ಹೋಗಿ ಕೇಳಿದೆ.

“ಏನಬೇ, ನಿನ್ನ ಕಣ್ಣಾಗ ಹನಿ ನೀರರ ಬರಬಾರದೇನ? ಮಂದಿ ಏನ್ ಅಂದಾರು?”

“ಆಕಿ ನನ್ನ ಉಡಿಯಾಗ ಹುಸಿ ರೂಪಾಯಿ ಹಾಕ್ಯಾಳ,” ಎಂದಳು ಅಕ್ಕ. “ಊರ ಮಂದಿ ರೂಪಾಯಿ ಕೇಳಿ ಹೇಳಾಕಿ, ನನಗ ಹಾಕುವಾಗ ಗೊತ್ತಾಗಲಿಲ್ಲೇನ? ಗೊತ್ತಿದ್ದ ಹಾಕ್ಯಾಳ. ನಾ ಆಕಿಗೆ ಬ್ಯಾಡಾಗಿದ್ದೆ.”

ಹೆಣ ಇನ್ನೂ ಅಂಗಳದಲ್ಲಿತ್ತು. ನಾನು ಬಾಯಿಗೆ ಬಂದದ್ದು ಬೈದೆ. ತೊಲೆ ಬೆಳ್ಳಿಗಾಗಿ ಹೆತ್ತ ತಾಯಿಯನ್ನು ಹೀಗೆ ಆಡಿಕೊಳ್ಳುವವಳು ನನಗೆ ಅಕ್ಕನೇ ಅಲ್ಲ ಎಂದೆ. “ಬೆಳ್ಳೀದಲ್ಲ” ಎಂದಳು ಅವಳು, ಅಷ್ಟೇ. ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಹತ್ತಿಕೊಳ್ಳುವುದಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನಮ್ಮದು. ಮದುವೆ ಮುಂಜಿಗಳಲ್ಲಿ ಎದುರಾದರೆ “ಆರಾಮೇನ?” “ಆರಾಮ” ಎಂಬಲ್ಲಿಗೆ ಮಾತು ನಿಂತಿತು. ಎರಡು ವರ್ಷದ ಹಿಂದೆ ಭಾವ ಎದೆನೋವಿನಿಂದ ತೀರಿಕೊಂಡಾಗಲೂ ಹೋಗಿ ಕೈಹಿಡಿದು ಕೂತು ಬಂದೆ. ನಾನೂ ಬಾಯಿ ಬಿಡಲಿಲ್ಲ, ಅವಳೂ ಬಿಡಲಿಲ್ಲ.

ಈ ವರ್ಷ ಬೆಳ್ಳಿಯ ಧಾರಣೆ ಕಂಡಾಪಟ್ಟೆ ಏರಿತು. ಗೋಕಾಕದ ಪೇಟೆಯಲ್ಲಿ ಹೆಂಗಸರು ನಾಲ್ಕು ಜನ ಸೇರಿದರೆ ಅದೇ ಮಾತು. ನನ್ನ ಪಾಲಿನ ರೂಪಾಯಿಗಳು ಟ್ರಂಕಿನ ತಳದಲ್ಲಿ ಅವ್ವನ ಇಳಕಲ್ ಸೀರೆಯ ಚೂರಿನಲ್ಲಿ ಕಟ್ಟಿದ ಹಾಗೆಯೇ ಇದ್ದವು. ಮಾರುವ ಮನಸ್ಸಿರಲಿಲ್ಲ. ಆದರೂ ಬೆಲೆ ತಿಳಿದರೆ ತಪ್ಪೇನು ಎಂದು ಕಟ್ಟಿಕೊಂಡು ಹಳೆಯ ರೂಪಾಯಿ ಕೊಳ್ಳುವ ಸಾಬರ ಅಂಗಡಿಗೆ ಹೋದೆ. ಅವರು ಅಜ್ಜನ ಕಾಲದಿಂದ ಅದೇ ವ್ಯಾಪಾರ ಮಾಡಿದವರು. ಮಾತಿನಲ್ಲಿ ಮಹಾ ಚತುರರು.

“ಬರ್ರಿ ಅಕ್ಕಾರ, ಕುಂದರ್ರಿ. ಈಗ ಕೊಟ್ರ ಛಲೋ ರೇಟ್ ಐತ್ರಿ, ನಾಳೆ ಬಿದ್ರ ನನ್ನ ಬೈಬ್ಯಾಡ್ರಿ.”

“ಕೊಡಾಕ ಬಂದಿಲ್ರಿ, ಕೇಳಾಕ ಬಂದೇನಿ. ಎಲ್ಲಾ ಅಪ್ಪಟ ಅದಾವು, ನಮ್ಮವ್ವ ತಾನ ಕೇಳಿ ಕೊಟ್ಟಾಳ,” ಎಂದೆ, ಸ್ವಲ್ಪ ಬಿಗುಮಾನದಿಂದಲೇ.

ಸಾಬರು ಒಂದೊಂದನ್ನೇ ಬೆರಳ ತುದಿಯಲ್ಲಿ ಎತ್ತಿ, ಮುಖ ನೋಡದೆ ಅಂಚು ನೋಡಿದರು. ನನಗೂ ತೋರಿಸಿದರು. ಅಂಚಿನ ಸುತ್ತ ಬಾಚಣಿಗೆಯ ಹಲ್ಲಿನಂಥ ಗೀರುಗಳಿರುತ್ತವೆ. ಅಪ್ಪಟದ್ದರಲ್ಲಿ ಆ ಗೀರು ಮೇಲಿನಿಂದ ಕೆಳಗಿನವರೆಗೆ ನೇರ ಇಳಿದಿರುತ್ತದೆ. ಯುದ್ಧದ ಕಾಲದ್ದರಲ್ಲಿ ಗೀರಿನ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಹರಿದ ಹಾಗೆ ತಗ್ಗು. ಸವೆದಿದ್ದರೂ ಬೆಳಕಿಗೆ ಹಿಡಿದರೆ ಎಲ್ಲೋ ಒಂದು ಕಡೆ ಕಂಡೇ ಕಾಣುತ್ತದೆ. ನನ್ನ ಕಣ್ಣ ಮುಂದೆಯೇ ಸಾಬರು ಎರಡು ಗುಂಪು ಮಾಡಿದರು. ಕಾಲುವೆ ಇದ್ದವೇ ಹೆಚ್ಚು.

ಆದರೂ ಸೋಲಬಾರದೆಂದು ಒಂದನ್ನು ಮುಂದೆ ತಳ್ಳಿದೆ. ಅವ್ವ ಅವತ್ತು ಕಣ್ಣಿಗೊತ್ತಿಕೊಂಡದ್ದು ಅದೇ. ಮನೆಗೆ ಬಂದು ನೋಡಿದಾಗ ಅರಿಸಿನ ಹಚ್ಚಿದ್ದ ಅದರ ಹಿಂದೆ ಹುಲಿಯ ಚಿತ್ರವಿತ್ತು. ಬೇರೆ ಯಾವುದರಲ್ಲೂ ಹುಲಿ ಇರಲಿಲ್ಲವಾದ್ದರಿಂದ ಅದು ಎಲ್ಲಕ್ಕಿಂತ ಬೆಲೆಯದ್ದು ಎಂದು ಇಷ್ಟು ವರ್ಷ ನಂಬಿಕೊಂಡು ಕೂತಿದ್ದೆ.

“ಇದನ್ನ ನೋಡ್ರಿ. ಹುಲಿ ಐತಿ. ಇದರ ರೇಟೇ ಬ್ಯಾರೆ ಇರಬೇಕ.”

ಸಾಬರು ನಗು ತಡೆಯಲಾರದೆ ಗಡ್ಡ ಸವರಿಕೊಂಡರು. ಡ್ರಾವರಿನಿಂದ ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತ ತೆಗೆದು ಹತ್ತಿರ ಹಿಡಿದರು. ನನ್ನ ರಾಣಿ ಕಾಲದ ರೂಪಾಯಿ ಟಕ್ಕನೆ ಹಾರಿ ಅದಕ್ಕೆ ಅಂಟಿಕೊಂಡಿತು!

“ನಿಕ್ಕಲ್ ಐತ್ರಿ ಅಕ್ಕಾರ. ಇಂಗ್ಲಿಷರು ಹೋಗುವಾಗ ಹೊಡದದ್ದು. ಇದ್ರಾಗ ಬೆಳ್ಳಿ ವಾಸನಿನೂ ಇಲ್ಲ.” ಆಮೇಲೆ ಅದನ್ನು ಕಿತ್ತು ಕಲ್ಲಿನ ಮೇಲೆ ಬೀಳಿಸಿದರು. ಮೊಂಡ ಸಪ್ಪಳ. ಅದರ ಬಾಜೂ ಒಂದು ಅಪ್ಪಟದ್ದನ್ನು ಬೀಳಿಸಿದರು. “ಕೇಳ್ರಿ. ಕೂಸಿಗೂ ಗೊತ್ತಾಗತೈತಿ. ನಿಮ್ಮವ್ವಾರು ಚ್ಯಾಷ್ಟಿ ಮಾಡ್ಯಾರ ಬಿಡ್ರಿ.”

ಮೊದಲು ನನಗೆ ಬಂದದ್ದು ಸಿಟ್ಟು. ಎಲಾ ಮುದುಕಿ, ನನಗೂ ಹೀಗೆ ಮಾಡಿದೆಯಾ ಎಂದು ಹಲ್ಲು ಕಡಿದೆ. ಗಂಟು ಕಟ್ಟಿಕೊಂಡು ಅಂಗಡಿಯ ಮೆಟ್ಟಿಲು ಇಳಿದೆ. ಇಳಿಯುವಾಗ ಅವ್ವನ ಅವತ್ತಿನ ಮುಖ ಕಣ್ಣೆದುರು ಬಂತು. ಆ ಮುಖದಲ್ಲಿ ಚ್ಯಾಷ್ಟಿ ಇರಲಿಲ್ಲ. ಅವ್ವ ಬೈಯುತ್ತಿದ್ದಳು, ಜಗಳಾಡುತ್ತಿದ್ದಳು, ಹೆತ್ತ ಮಕ್ಕಳಿಗೆ ಮೋಸ ಮಾಡುವುದು ಮಾತ್ರ ಅವಳಿಂದ ಆಗುತ್ತಿರಲಿಲ್ಲ. ಈ ಮೊಂಡ ಸಪ್ಪಳವನ್ನು ಹಾಡುತ್ತದೆ ಎಂದಳೆಂದರೆ, ಅವಳಿಗೆ ಕೇಳಿಸಿಯೇ ಇರಲಿಲ್ಲ. ಯವ್ವಾ! ಪೇಟೆಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ.

ಮನೆಗೆ ಹೋಗಲಿಲ್ಲ. ನೇರ ಹುಕ್ಕೇರಿಯ ಬಸ್ಸು ಹತ್ತಿದೆ. ಘಟಪ್ರಭಾ ದಾಟುವವರೆಗೂ ಅಕ್ಕನಿಗೆ ಹೇಗೆ ಹೇಳುವುದು ಎಂದೇ ಯೋಚನೆ. ಧುಪದಾಳದ ಕಡೆಯಿಂದ ಹತ್ತಿದ ಒಬ್ಬಾಕೆ ಬಾಜೂ ಕೂತು ತನ್ನ ಸೊಸೆಯ ದೂರನ್ನೆಲ್ಲ ಹೇಳಿದಳು. ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ.

ಅಕ್ಕ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ನನ್ನನ್ನು ಕಂಡು ಹುಬ್ಬೇರಿಸಿದಳು.

“ಏನ, ದಾರಿ ತಪ್ಪಿ ಬಂದ್ಯೇನ?”

“ನಿನ್ನ ರೂಪಾಯಿ ತಗೊಂಡ ಬಾ,” ಎಂದೆ. ನೀರು ಕೂಡ ಕೇಳಲಿಲ್ಲ.

“ಈಗ್ಯಾಕ ಅದು? ಸತ್ತಾಕಿ ಹೋದಳು.”

“ತಗೊಂಡ ಬಾ ಅಂದ್ರ ತಗೊಂಡ ಬಾರಬೇ. ಜಗಳಾಡಾಕ ಬಂದಿಲ್ಲ.”

ಗೊಣಗುತ್ತ ಎದ್ದು ತಂದಳು. ನನ್ನವನ್ನೂ ಅವಳವನ್ನೂ ನೆಲದ ಮೇಲೆ ಬೇರೆ ಬೇರೆ ಹರಡಿದೆ. ಸಾಬರು ಹೇಳಿಕೊಟ್ಟ ಹಾಗೆ ಅಂಚು ತೋರಿಸಿದೆ. ಅವಳ ಗುಂಪಿನಲ್ಲೂ ಕಾಲುವೆ, ನನ್ನ ಗುಂಪಿನಲ್ಲೂ ಕಾಲುವೆ. ಹುಲಿಯದ್ದನ್ನು ಹೊಸ್ತಿಲ ಕಲ್ಲಿನ ಮೇಲೆ ಬೀಳಿಸಿದೆ. ಅಕ್ಕನಿಗೂ ಅವ್ವನ ಕಿವಿ ಸ್ವಲ್ಪ ಬಂದಿದೆ. ಕೂಡಲೇ ಮುಖ ಸಿಂಡರಿಸಿದಳು.

“ಇದೇನಬೇ ಇದು, ಸತ್ತ ಸಪ್ಪಳ.”

“ಇದನ್ನ ಅವ್ವ ರಾಣಿ ಕಾಲದ್ದು ಅಂತ ಕಣ್ಣಿಗೆ ಒತ್ತಿಗೊಂಡ ಕೊಟ್ಟಾಳ. ಆಕಿಗೆ ಕೇಳಸ್ತಿದ್ದಿಲ್ಲ ಅಕ್ಕಾ. ಆಕಿ ಕಿವಿ ಹೋಗಿತ್ತ.”

“ಹುಚ್ಚೇನ ನಿನಗ? ಅವ್ವನ ಕಿವಿ? ಹೋಗಿದ್ರ ನಮಗ ಗೊತ್ತಾಗತಿದ್ದಿಲ್ಲೇನ?” ಎಂದು ಅಕ್ಕ ನನ್ನ ಮೇಲೆ ರೇಗಿದಳು. “ನನ್ನ ಸಮಾಧಾನ ಮಾಡಾಕ ಕತಿ ಕಟ್ಟಬ್ಯಾಡ.”

ವಾದ ಮಾಡಿ ಪ್ರಯೋಜನವಿರಲಿಲ್ಲ. ಮೂಡಲಗಿಗೆ, ತಮ್ಮನ ಹೆಂಡತಿಗೆ ಫೋನು ಹಚ್ಚಿ, ಅಕ್ಕನಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಸುತ್ತಿ ಬಳಸಿ ಮಾತಾಡುವ ತಾಳ್ಮೆ ನನಗಿರಲಿಲ್ಲ. ಅವ್ವನ ಕಿವಿ ಕೇಳಿಸುತ್ತಿತ್ತೋ ಇಲ್ಲವೋ, ಖರೆ ಹೇಳು ಎಂದೆ. ಆ ಕಡೆ ಕುಕ್ಕರಿನ ಸೀಟಿಯೊಂದು ಕೂಗಿ ನಿಂತಿತು. ಆಮೇಲೆ ಅವಳು ಅಳುದನಿಯಲ್ಲಿ ಶುರು ಮಾಡಿದಳು.

“ಇಲ್ರಿ ಅಕ್ಕಾರ. ಕಡೀ ಎರಡ ವರ್ಷ ಏನೂ ಕೇಳಸ್ತಿದ್ದಿಲ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನನ್ನ ಕೂಸಿನ ತಲಿ ಮ್ಯಾಲ ಕೈ ಇಡಸಿ ಆಣಿ ತಗೊಂಡಿದ್ರು. ಊರಾಗ ಕೆಪ್ಪಿ ಅಂತಾರ, ಇನ್ನ ನನ್ನ ಕಡೆ ಯಾರೂ ರೂಪಾಯಿ ತರೂದಿಲ್ಲ ಅಂತಿದ್ರಿ.”

“ಮತ್ತ ಬಂದವರ ಕೂಡ ಹೆಂಗ ಮಾತಾಡ್ತಿದ್ದಳ?”

“ಮಾತಾಡ್ತಿದ್ದಿಲ್ರಿ. ಬಂದವರು ಏನ ಹೇಳಿದ್ರೂ ಮಾರಿ ನೋಡಿ ನಗತಿದ್ರು. ಸಾಕಾದಾಗ ಚಹಾ ಮಾಡ್ಲೇನ ಅಂತ ಕೇಳಿ ಎದ್ದ ಬಿಡತಿದ್ರಿ.”

ಅಕ್ಕನ ಕೈಯಿಂದ ಶೇಂಗಾದ ಬುಟ್ಟಿ ಜಾರಿತು. ಕಾಳು ರೂಪಾಯಿಗಳ ನಡುವೆ ಚೆಲ್ಲಿದವು. ನಾನು ಫೋನು ಇಟ್ಟೆ. ಇವಳಿಗೆ ಏನಾಯಿತೆಂದು ಹೆದರಿ ಭುಜ ಹಿಡಿದು ಅಲುಗಿಸಿದೆ. ಅವಳು ನೆಲ ನೋಡುತ್ತಲೇ ಮಾತಾಡಿದಳು.

“ಆ ಪಂಚಮಿಗಿಂತ ಮೊದಲ, ಬ್ಯಾಸಗಿಯಾಗ, ನಾ ಒಬ್ಬಾಕಿನ ಮೂಡಲಗಿಗೆ ಹೋಗಿದ್ದೆ. ನಿಮ್ಮ ಭಾವ ಹಿಂದಿನ ದಿನ ನನಗ ಬಡದಿದ್ದ. ಟೈರ್ ಬಿಚ್ಚೂ ಕಬ್ಬಿಣ ತಗೊಂಡ ಬಡದಿದ್ದ. ಅದೇನ ಮೊದಲನೇ ಸಲಾ ಅಲ್ಲ.”

ನನ್ನ ಭಾವ. ಪೇಡೆಯ ಪೊಟ್ಟಣದ ಭಾವ.

“ಅವ್ವನ ಮುಂದ ಕುಂತು ಎಲ್ಲಾ ಹೇಳಿದೆ. ಹುಟ್ಟಿದಾಗಿಂದ ಅಷ್ಟ ಮಾತ ಆಕಿ ಕೂಡ ಆಡಿದ್ದಿಲ್ಲ. ಇನ್ನ ಆ ಮನಿಗೆ ಹೋಗೂದಿಲ್ಲ, ನಿನ್ನ ಕಡೆ ಇರತೇನಿ, ಒಂದ ತುತ್ತ ರೊಟ್ಟಿ ಹಾಕ ಅಂದೆ. ಆಕಿ ನನ್ನ ಮಾರಿ ನೋಡಿ ನಕ್ಕಳು. ಚಹಾ ಮಾಡ್ಲೇನವಾ ಅಂದಳು. ಆ ಚಹಾ ಕುಡದು ಹೊಳ್ಳಿ ಬಸ್ಸ ಹತ್ತಿದೆ. ಆಮ್ಯಾಲ ಪಂಚಮಿಗೆ ಉಡಿಯಾಗ ಈ ರೂಪಾಯಿ ಬಿದ್ದೂ. ನಾ ಏನ ತಿಳಕೋಬೇಕಿತ್ತ?”

ಅವಳ ತೋಳಿಗೆ ಕೈ ಹಾಕಿದೆ. ಇಷ್ಟು ವರ್ಷ ಈ ತೋಳಿನ ಮೇಲೆ ಏನೆಲ್ಲ ಬಿದ್ದಿತ್ತೋ, ಗೋಕಾಕದಲ್ಲಿ ಕೂತ ನನಗೆ ಅದರ ಸುಳಿವೇ ಇರಲಿಲ್ಲ. ಸತ್ತವನನ್ನು ಎಬ್ಬಿಸಿ ಎರಡು ಬಡಿಯಬೇಕೆನಿಸಿತು.

ಅಕ್ಕ ಮುಖವೆತ್ತಿದಳು. ಮುಖದ ತುಂಬ ನೀರು. ಆದರೆ ಹುಡುಗಿಯಾಗಿದ್ದಾಗ ಜಾತ್ರೆಗೆ ಕಳಿಸುತ್ತೀರಾ ಎಂದು ಕೇಳುವಾಗ ಇರುತ್ತಿದ್ದ ಅದೇ ಆಸೆ ಕಣ್ಣಲ್ಲಿ.

“ಹಂಗಾರ ಆಕಿ ನನ್ನ ಹೊಳ್ಳಿ ಕಳಸಲಿಲ್ಲ. ಆಕಿಗೆ ಕೇಳಿಸಲೇ ಇಲ್ಲ. ಕೇಳಿಸಿದ್ರ ಇರಸ್ಕೊಂತಿದ್ದಳು. ಹೌದಲ್ಲಬೇ?”

ಅವ್ವ ನನ್ನನ್ನು ಹೆತ್ತವಳೂ ಹೌದು. ಓಣಿಯಲ್ಲಿ ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಅವಳು ಹೇಳುತ್ತಿದ್ದ ಬುದ್ಧಿಮಾತು ನನಗೆ ಗೊತ್ತಿದೆ. ಸಹಿಸಿಕೋ, ಹೋಗು, ಅದೇ ನಿನ್ನ ಮನೆ ಎನ್ನುತ್ತಿದ್ದಳು. ತನ್ನ ಮಗಳಿಗೂ ಹಾಗೆಯೇ ಹೇಳುತ್ತಿದ್ದಳೋ, ಬಾಗಿಲು ಹಾಕಿಕೊಂಡು ಒಳಗೆ ಇರಿಸಿಕೊಳ್ಳುತ್ತಿದ್ದಳೋ, ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ.

“ಇರಸ್ಕೊಂತಿದ್ದಳು,” ಎಂದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ. “ಖರೆನ ಇರಸ್ಕೊಂತಿದ್ದಳು ಅಕ್ಕಾ.”